ವಿಯೆನ್ನಾದ ಮೂಗು

ನಮ್ಮ ಮೇಷ್ಟ್ರು ಯಾರನ್ನೇ ಕಂಡರೂ ಮೊದಲು ನೋಡುತ್ತಿದ್ದುದು ಮೂಗನ್ನು. ನಮಸ್ಕಾರ, ಕುಶಲ, ಹವಾಮಾನ ಎಲ್ಲ ಆಮೇಲೆ. ನಾವು ಜರ್ಮನಿಯ ರೆನ್ನಿಂಗೆನ್‌ಗೆ ಬಂದು ಈ ಮನೆಗೆ ಸಾಮಾನು ಏರಿಸುತ್ತಿದ್ದ ದಿನ, ಕುಕ್ಕರನ್ನು ಎದೆಗೆ ಅವಚಿಕೊಂಡು ಮೆಟ್ಟಿಲು ಹತ್ತುತ್ತಿದ್ದ ನನ್ನನ್ನು ಮುದುಕರೊಬ್ಬರು ಅಡ್ಡಗಟ್ಟಿದರು. ಅವರ ಮೈಮೇಲೆಲ್ಲ ಬಿಳಿ ಪುಡಿ. ತಲೆ ವಾಲಿಸಿ, ಒಂದು ಕಣ್ಣು ಮುಚ್ಚಿ ನನ್ನನ್ನು ದಿಟ್ಟಿಸಿದರು. ಜರ್ಮನ್‌ನಲ್ಲಿ "ಒಳ್ಳೇ ಮೂಗು. ವಿಯೆನ್ನಾದ್ದಲ್ಲ" ಅಂದು ದಾರಿ ಬಿಟ್ಟು ಇಳಿದು ಹೋದರು. ನನಗೆ ಮೈ ಉರಿದುಹೋಯಿತು. ಹೊರಗಿನವರ ಬಣ್ಣ ನೋಡಿ, ಕೂದಲು ನೋಡಿ ಮಾತಾಡುವ ಜನ ಇದ್ದಾರೆಂದು ಕೇಳಿದ್ದೆ. ಮೂಗಿನವರೆಗೂ ಬಂದರಲ್ಲ ಅಂದುಕೊಂಡೆ.

"ಬಿಡೇ ಸುಮಾ, ವಯಸ್ಸಾಗಿದೆ ಪಾಪ" ಅಂದ ನನ್ನ ಗಂಡ ಗಿರೀಶ.

"ವಯಸ್ಸಾದ್ರೆ ಏನ್ ಬೇಕಾದ್ರೂ ಅನ್ನಬಹುದಾ? ನಾಳೆ ಸಿಕ್ಕಲಿ, ಕೇಳೇ ಕೇಳ್ತೀನಿ."

ಕೇಳಿಯೂ ಬಿಟ್ಟೆ. "ಹೊಗಳಿದ್ದು" ಅಂದರು ಅವರು, ಅಷ್ಟೇ. ಅದು ಎಂಥ ಹೊಗಳಿಕೆ ಅನ್ನುವುದು ನನಗೆ ಪೂರ್ತಿ ಅರ್ಥವಾಗುವ ಹೊತ್ತಿಗೆ ವರ್ಷಗಳು ಕಳೆದಿದ್ದವು. ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು.

ಅವರು ಚೆಕ್ ದೇಶದ ಒಂದು ಚಿಕ್ಕ ಊರಿನವರು. ಹುಡುಗನಾಗಿದ್ದಾಗ, ಅವರ ದೇಶಕ್ಕೆ ರಷ್ಯಾದ ಟ್ಯಾಂಕುಗಳು ಬಂದ ವರ್ಷ, ಗಡಿ ದಾಟಿ ಜರ್ಮನಿಗೆ ಬಂದರಂತೆ. ಆಮೇಲಿನ ಜನ್ಮವನ್ನೆಲ್ಲ ಇಲ್ಲಿನ ಚರ್ಚುಗಳ ಕಲ್ಲಿನ ಸಂತರಿಗೆ ಮುರಿದ ಮೂಗು, ಹೋದ ಬೆರಳು, ಸವೆದ ಗಡ್ಡ ಕೂಡಿಸುವುದರಲ್ಲಿ ಕಳೆದರು. ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಪ್ರತಿ ಮನೆಗೂ ಸಾಮಾನಿಡುವ ಒಂದು ಕೋಣೆ, ಕೆಲ್ಲರ್, ಇದೆ. ನಾವೆಲ್ಲ ಅದರಲ್ಲಿ ಖಾಲಿ ಸೂಟ್‌ಕೇಸು, ಚಳಿಗಾಲದ ಟೈರು ತುಂಬುತ್ತೇವೆ. ಅವರದರಲ್ಲಿ ಜೇಡಿಮಣ್ಣಿನ ತೊಟ್ಟಿ, ಪ್ಲಾಸ್ಟರಿನ ಚೀಲ, ಒಂದು ಕಾಲು ಮೋಟಾದ ಕುರ್ಚಿ. ಮೆಟ್ಟಿಲ ಮೇಲೆ ಸದಾ ಅವರ ಬಿಳಿ ಹೆಜ್ಜೆ. ಈ ಸೀಮೆಯಲ್ಲಿ ಮನೆಗೊಂದು ವಾರದಂತೆ ಮೆಟ್ಟಿಲು ಗುಡಿಸಿ ಒರೆಸುವ ಪಾಳಿ ಇದೆ, ಕೇರ್‌ವೋಖೆ ಅಂತ. ಅದು ಬಂದವರೆಲ್ಲ ಅವರಿಗೆ ಶಾಪ ಹಾಕುತ್ತಲೇ ಒರೆಸುತ್ತಿದ್ದರು. ನಾನೂ ಹಾಕಿದ್ದೇನೆ, ಕನ್ನಡದಲ್ಲಿ, ಜೋರಾಗಿ.

ಅವರನ್ನು ಮೇಷ್ಟ್ರು ಅಂತ ಕರೆಯತೊಡಗಿದ್ದು ನಾನು ಅವರ ಮಣ್ಣಿನ ಕ್ಲಾಸಿಗೆ ಸೇರಿದ ಮೇಲೆ. ಊರಿನ ವಯಸ್ಕರ ಸಂಜೆ ಶಾಲೆಯಲ್ಲಿ ವಾರಕ್ಕೊಂದು ದಿನ ಪಾಠ. ಇಲ್ಲಿಯ ಸಂಶೋಧನಾ ಕ್ಯಾಂಪಸ್ಸಿನಲ್ಲಿ ದಿನವಿಡೀ ಸಾಫ್ಟ್‌ವೇರಿನ ತಪ್ಪು ಹುಡುಕುವುದು ನನ್ನ ಹೊಟ್ಟೆಪಾಡು. ಕೈಗೆ ಏನಾದರೂ ಹತ್ತಲಿ ಎಂಬ ಆಸೆಯಿಂದ ಹೋದೆ. ಅಲ್ಲೂ ತಪ್ಪು ಹುಡುಕುವವರೇ ಗಂಟುಬಿದ್ದರು. ನಾವು ಮಾಡಿದ್ದನ್ನು ಸುತ್ತು ಹಾಕಿ ನೋಡಿ, ಎರಡೂ ಕೈಯಲ್ಲಿ ಎತ್ತಿ ತೊಟ್ಟಿಗೆ ಎಸೆಯುತ್ತಿದ್ದರು. ಒಬ್ಬಾಕೆ ಅತ್ತೇಬಿಟ್ಟರು. "ಮಣ್ಣು ಎಲ್ಲೂ ಹೋಗಿಲ್ಲ, ಅಲ್ಲೇ ಇದೆ. ಅಳೋದು ಯಾಕೆ?" ಅಂದರು ಮೇಷ್ಟ್ರು. "ಚೆನ್ನಾಗಿದೆ" ಅನ್ನುವುದು ಅವರ ಬಾಯಲ್ಲಿ ಬೈಗುಳ. ಚೆನ್ನಾಗಿದೆ ಅಂದರೆ ಈಗಾಗಲೇ ಎಲ್ಲೋ ನೋಡಿದ್ದು ಅಂತ.

ಕೆಲ್ಲರಿನ ಗೋಡೆಗೆ ಒಂದೇ ಒಂದು ಮೂಗನ್ನು ನೇತುಹಾಕಿದ್ದರು. ಪ್ಲಾಸ್ಟರಿನದು, ಅಂಗೈಗಿಂತ ದೊಡ್ಡದು, ನೆಟ್ಟಗೆ, ನುಣ್ಣಗೆ, ಯಾರ ಮುಖದ ಮೇಲೂ ಇಲ್ಲದಷ್ಟು ಸರಿಯಾದ ಮೂಗು. ಒಂದು ದಿನ ಕಾಫಿ ತೆಗೆದುಕೊಂಡು ಇಳಿದಾಗ ಅದರ ಕತೆ ಹೇಳಿದರು.

ಅವರ ದೇಶ ಹಿಂದೆ ವಿಯೆನ್ನಾದ ಚಕ್ರವರ್ತಿಯ ಕೈಕೆಳಗಿತ್ತು. ಆಗ ಸಾಮ್ರಾಜ್ಯದ ಊರೂರಿನ ಚಿತ್ರಕಲಾ ಶಾಲೆಗಳಿಗೂ ವಿಯೆನ್ನಾದಿಂದ ಒಂದೇ ಥರದ ಪ್ಲಾಸ್ಟರ್ ಅಚ್ಚುಗಳು ಬರುತ್ತಿದ್ದವಂತೆ. ಒಂದು ಕಣ್ಣು, ಒಂದು ಕಿವಿ, ಒಂದು ಮೂಗು. ಅದನ್ನು ತಿಂಗಳುಗಟ್ಟಲೆ ನಕಲು ಮಾಡಿದ ಮೇಲೆಯೇ ಬದುಕಿರುವವರ ಮುಖ ಮಾಡಲು ಬಿಡುತ್ತಿದ್ದುದು. ಮೇಷ್ಟ್ರ ತಾತ ಹಾಗೆ ಕಲಿತ ಕಲ್ಲುಕುಟಿಗ. ಊರ ಚೌಕದ ಪೀಠದ ಮೇಲೆ ಚಕ್ರವರ್ತಿಯ ಪ್ರತಿಮೆ ಇತ್ತು. ಸಾಮ್ರಾಜ್ಯ ಬಿದ್ದಾಗ ಜನ ಹಗ್ಗ ಕಟ್ಟಿ ಅವನನ್ನು ಎಳೆದು ಕೆಡವಿದರು. ಅದೇ ಪೀಠಕ್ಕೆ ತಮ್ಮ ನಾಡಿನ ತಾಯಿಯನ್ನು ಕಡೆದು ಕೊಡು ಅಂತ ತಾತನನ್ನು ಕೇಳಿದರು. ತಾತ ಕಡೆದರು. ಊರಿಗೆ ಊರೇ ಕುಣಿದಾಡಿತು. ಆಮೇಲೆ ಹಿಟ್ಲರನ ಸೇನೆ ಬಂದು ತಾಯಿಯನ್ನು ಒಡೆದುಹಾಕಿತು. ಅದಾದ ಮೇಲೆ ಬಂದವರು ಅಲ್ಲೊಬ್ಬ ಸೈನಿಕನನ್ನು ನಿಲ್ಲಿಸಿದರು. ಅವನೂ ಹೋದ. ಈಗ ಅಲ್ಲಿ ಹೂಕುಂಡ.

"ನನ್ನ ಅಜ್ಜಿ ಆ ಪ್ರತಿಮೆಯ ಫೋಟೋ ಇಟ್ಕೊಂಡು ದಿನಾ ಮುತ್ತು ಕೊಡ್ತಿದ್ಲು" ಅಂದರು ಮೇಷ್ಟ್ರು. "ನಾನು ಅದೇ ಶಾಲೆಗೆ ಸೇರಿದೆ. ಗೋಡೆ ಮೇಲೆ ಅದೇ ಹಳೇ ಅಚ್ಚುಗಳು. ಒಂದಿನ ಮೂಗು ಬರೀತಾ ಇದ್ದೆ. ಬರೀತಾ ಬರೀತಾ ಮೈ ತಣ್ಣಗಾಯ್ತು. ಇದು ಅಜ್ಜಿ ಫೋಟೋದಲ್ಲಿರೋ ಮೂಗು! ನಮ್ಮ ತಾಯಿಗೆ ಚಕ್ರವರ್ತಿಯ ಶಾಲೆ ಮೂಗು!"

"ತಾತನಿಗೆ ಹೇಳಿದ್ರಾ?"

"ಹೇಳಿದೆ. ಕಪಾಳಕ್ಕೆ ಹೊಡೆದ್ರು. ಅವತ್ತಿಂದ ನನ್ನ ಜೊತೆ ಮಾತಾಡ್ಲಿಲ್ಲ."

ಗಡಿ ದಾಟುವಾಗ ಅವರ ಚೀಲದಲ್ಲಿದ್ದದ್ದು ಒಂದು ಅಂಗಿ, ಶಾಲೆಯಿಂದ ಕದ್ದ ಈ ಮೂಗು.

ನನಗೆ ತಮಾಷೆಯೇ ಅನ್ನಿಸಿತು. "ಮೈಸೂರಲ್ಲಿ ನಮ್ಮ ಸ್ಕೂಲಲ್ಲಿ ಕನ್ನಡ ಮಾತಾಡಿದ್ರೆ ಬೆಂಚಿನ ಮೇಲೆ ನಿಲ್ಲಿಸ್ತಿದ್ರು. ಇವತ್ತಿಗೂ ಸಿಟ್ಟು ಬಂದ್ರೆ ಮೊದಲು ಬಾಯಿಗೆ ಬರೋದು ಇಂಗ್ಲಿಷು. ಅದಕ್ಕೇನು ಮಾಡೋಕಾಗುತ್ತೆ?" ಅಂದೆ. ಅವರು ನಗಲಿಲ್ಲ. "ನಿಮ್ಮ ನಾಲಿಗೆಗೂ ಒಂದು ಪ್ಲಾಸ್ಟರ್ ಅಚ್ಚು ಇದೆ ಹಾಗಾದರೆ" ಅಂದು, ನನ್ನ ಕೈಯ ಮೇಲೆ ತಮ್ಮ ಮಣ್ಣಿನ ಕೈ ಇಟ್ಟರು. ನಮ್ಮ ಸ್ನೇಹ ಗಟ್ಟಿಯಾದದ್ದು ಅವತ್ತು.

ಹೋದ ವರ್ಷದ ಆರಂಭದಲ್ಲಿ ಅವರ ಊರಿನಿಂದ ಫೋನ್ ಬಂತು. ಚೌಕಕ್ಕೆ ತಾಯಿಯನ್ನು ಮತ್ತೆ ತರಬೇಕೆಂದು ಊರವರು ಸಮಿತಿ ಮಾಡಿದ್ದರು. ಮೈಯನ್ನು ಫೋಟೋ ನೋಡಿ ಅಲ್ಲಿಯ ಕಲ್ಲುಕುಟಿಗರೇ ಕಡೆಯುತ್ತಾರೆ, ತಲೆಯನ್ನು ಮಾತ್ರ ಮೊಮ್ಮಗನೇ ಪ್ಲಾಸ್ಟರಿನಲ್ಲಿ ಮಾಡಿಕೊಡಲಿ, ಅದನ್ನೇ ಕಲ್ಲಿಗೆ ಇಳಿಸುತ್ತೇವೆ ಎಂದರು. ಚಳಿ ಶುರುವಾಗುವ ಮುಂಚೆ ಬೇಕು. ಮೇಷ್ಟ್ರು ಚಪ್ಪಲಿಯನ್ನೂ ಹಾಕದೆ ನಮ್ಮ ಬಾಗಿಲಿಗೆ ಬಂದು ನಿಂತರು. ಮುಖ ಕೆಂಪಾಗಿತ್ತು. "ಈ ಸಲ ಬೇರೆ ಮೂಗು" ಅಂದರು. "ಸಾಯೋದರೊಳಗೆ ಒಂದು ಮುಖ. ಯಾವ ಚಕ್ರವರ್ತಿಯ ಗೋಡೆ ಮೇಲೂ ಇಲ್ಲದ್ದು."

ಅದೇ ತಿಂಗಳು, ಕೆಲ ದಿನಗಳಿಂದ ಕಾಣಿಸಿಕೊಂಡಿದ್ದ ಅವರ ಕೈ ನಡುಕಕ್ಕೆ ಡಾಕ್ಟರು ಹೆಸರು ಹೇಳಿದರು. ಗುಣವಾಗುವ ಕಾಯಿಲೆಯಲ್ಲ, ಹೆಚ್ಚುತ್ತಲೇ ಹೋಗುವಂಥದ್ದು.

ಆಮೇಲಿನದು ನೋಡಲಾಗದ ಪಾಡು. ಮಣ್ಣಿನ ತಲೆ ಮಾಡುವುದು, ನೋಡುವುದು, ತೊಟ್ಟಿಗೆ ಎಸೆಯುವುದು. ಬೇಕರಿಯ ಹೆಂಗಸಿನ ಮೂಗು ನೋಡಿ ಬಂದು ಮಾಡಿದರು, ಎಸೆದರು. ಬಸ್‌ಸ್ಟಾಪಿನಲ್ಲಿ ಕೂತು ಜನರ ಮೂಗು ನೋಡಿದರು, ಯಾರೋ ಪೊಲೀಸರಿಗೆ ಹೇಳುತ್ತೇನೆಂದು ಗದರಿಸಿದರು. ನನ್ನ ಮಗಳು ಇಂಚರಳನ್ನು ಕೂರಿಸಿಕೊಂಡು ಮಾಡಿದರು. ಅವಳಿಗೆ ಹತ್ತು ವರ್ಷ, ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಜರ್ಮನ್‌ನಲ್ಲಿ ಉತ್ತರ ಕೊಡುವವಳು. ಅಲ್ಲಾಡದೆ ಕೂತಿದ್ದಳು. ಮುಗಿದ ಮೇಲೆ ನೋಡಿದರೆ ಎಲ್ಲ ಅವಳೇ, ಮೂಗು ಮಾತ್ರ ಗೋಡೆಯದ್ದು. "ಕಣ್ಣು ನೋಡೋದು ಇವಳನ್ನ. ಕೈ ಕೇಳೋದು ವಿಯೆನ್ನಾದವರ ಮಾತನ್ನ" ಅಂದು ಮೇಷ್ಟ್ರು ಅಂಗೈಯಿಂದ ಅದನ್ನು ಚಪ್ಪಟೆ ಮಾಡಿದರು. ಇಂಚರ ನನ್ನ ಹಿಂದೆ ಬಂದು ಅವಿತುಕೊಂಡಳು.

ನಡುಕ ಹೆಚ್ಚಿದಾಗ ಕೆಲ ದಿನ ಕ್ಲಿನಿಕ್ಕಿನಲ್ಲಿ ಇರಿಸಿಕೊಂಡರು. ಅರ್ಧಕ್ಕೆ ನಿಂತಿದ್ದ ಇನ್ನೊಂದು ಮಣ್ಣಿನ ತಲೆಯನ್ನು ಒಣಗಲು ಬಿಟ್ಟರೆ ಬಿರುಕು ಬಿಡುತ್ತದೆ, ಒದ್ದೆ ಬಟ್ಟೆ ಸುತ್ತಿಡಬೇಕು. ಆ ಕೆಲಸ ನನ್ನ ಪಾಲಿಗೆ ಬಂತು. ಗಿರೀಶನ ಹತ್ತಿ ಪಂಚೆಯನ್ನು ಹರಿದು ಸುತ್ತಿದೆ. ಆಫೀಸಿನಿಂದ ಬಂದವಳೇ ಬ್ಯಾಗನ್ನೂ ಇಡದೆ ಕೆಳಗೆ ಹೋಗಿ ನೀರು ಚಿಮುಕಿಸುತ್ತಿದ್ದೆ.

"ಅಲ್ಲಾ ಕಣೇ, ವೀಸಾ ರಿನ್ಯೂ ಮಾಡ್ಸೋಕೆ ಅಪಾಯಿಂಟ್‌ಮೆಂಟ್ ತಗೋ ಅಂದ್ರೆ ನಿಂಗೆ ಟೈಮಿಲ್ಲ. ಮಣ್ಣಿಗೆ ನೀರು ಹಾಕೋಕೆ ಇದೆ" ಅಂದ ಗಿರೀಶ.

"ಅದು ಒಣಗಿಹೋದ್ರೆ ಆ ಮನುಷ್ಯ ಉಳಿಯಲ್ಲ ರೀ."

"ಅವರ ದೇಶದ ಮೂಗಿಗೆ ನನ್ನ ಪಂಚೆ ಬೇರೆ" ಅಂದು ಗೊಣಗಿದ. ಆದರೂ ಮಾರನೆಯ ದಿನ ಇನ್ನೊಂದು ಪಂಚೆ ತಂದು ಮೆಟ್ಟಿಲ ಮೇಲೆ ಇಟ್ಟಿದ್ದ.

ಗೌರಿ ಹಬ್ಬದ ದಿನ ಮೇಷ್ಟ್ರನ್ನು ಊಟಕ್ಕೆ ಕರೆದಿದ್ದೆವು. ಅವರು ಬಂದಾಗ ನಾನಿನ್ನೂ ಪೂಜೆಗೆ ಅಣಿ ಮಾಡುತ್ತಿದ್ದೆ. ಅರಿಶಿನಕ್ಕೆ ನೀರು ಹಾಕಿ ಕಲಸಿ, ಮೂರು ಬೆರಳಲ್ಲಿ ಒತ್ತಿ ಗೋಪುರ ಮಾಡಿ ವೀಳ್ಯದೆಲೆ ಮೇಲೆ ಇಟ್ಟೆ.

"ಏನಿದು?" ಅಂದರು.

"ಗೌರಿ. ನಮ್ಮ ತಾಯಿ."

"ಮುಖ ಎಲ್ಲಿ?"

"ಇವಳಿಗೆ ಮುಖ ಇಲ್ಲ. ಕರೆದರೆ ಬಂದು ಕೂತ್ಕೋತಾಳೆ. ಪೂಜೆ ಆದಮೇಲೆ ನೀರಿಗೆ ಬಿಡ್ತೀವಿ."

ಅವರು ಗೋಡೆ ಹಿಡಿದುಕೊಂಡು ಮೆಲ್ಲಗೆ ಚಾಪೆಯ ಮೇಲೆ ಕೂತರು. ಆ ಅರಿಶಿನದ ಮುದ್ದೆಯ ಹತ್ತಿರಕ್ಕೆ ಬಗ್ಗಿದರು. "ನಮಗೆ ಇದು ಹೊಳೀಲೇ ಇಲ್ಲವಲ್ಲ" ಅಂದರು. "ಚಕ್ರವರ್ತಿಗೆ ಮುಖ ಇತ್ತು, ಅದಕ್ಕೇ ನಮ್ಮ ತಾಯಿಗೂ ಮುಖ ಬೇಕಾಯ್ತು. ಅವನು ಎತ್ತರದಲ್ಲಿ ನಿಂತಿದ್ದ, ಇವಳನ್ನೂ ಹತ್ತಿಸಿ ನಿಲ್ಲಿಸಿದ್ವಿ. ಅವನನ್ನ ಕೆಡವಿದ್ವಿ ಅಂತ ಕುಣಿದ್ವಿ. ಏನು ಕೆಡವಿದ್ವಿ? ಪೀಠ ಅವನದೇ, ನಿಲುವು ಅವನದೇ."

"ಹಾಗಾದ್ರೆ ನೀವೂ ಮುಖ ಇಲ್ಲದ್ದನ್ನೇ ಮಾಡಿಕೊಡಿ, ಮೇಷ್ಟ್ರೇ."

"ಅದು ನಿಮ್ಮದು. ಒಬ್ಬರಿಂದ ಬಿಡಿಸ್ಕೊಳ್ಳೋದಕ್ಕೆ ಇನ್ನೊಬ್ಬರ ಮನೆಯಿಂದ ಎತ್ಕೊಂಡು ಹೋಗಲಾ?" ಅಂದರು. ಎಲೆಯಲ್ಲಿ ಬಡಿಸಿದ ಕಡುಬನ್ನು ಮುಟ್ಟಲಿಲ್ಲ. ಅವತ್ತು ಅವರ ಕಣ್ಣಲ್ಲಿ ಕಂಡದ್ದನ್ನು ಹತಾಶೆ ಅಂತಲ್ಲದೆ ಇನ್ನೇನು ಅನ್ನಲಿ? ಬಾಗಿಲು ತೆರೆದಿದೆ, ಆಚೆಗೆ ಕಾಲಿಡುವ ಹಾಗಿಲ್ಲ.

ಸೆಪ್ಟೆಂಬರ್ ಮುಗಿಯುತ್ತ ಬಂದಾಗ ಅವರಿಗೆ ಒಂದು ಉಪಾಯ ಹೊಳೆಯಿತು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಾಡುವುದು! ನೋಡಿ ಕಲಿತದ್ದರ ಕಾಟ ತಾನೇ ಇದು, ನೋಡದೆ ಮಾಡಿದರೆ ತನ್ನದು ಬಂದೀತು ಅಂತ. ಕೈ ನಡುಕವೂ ಒಳ್ಳೆಯದೇ ಅಂದರು, ಹಳೆಯ ಗೆರೆಯನ್ನು ನಡುಕ ಅಳಿಸಿಹಾಕುತ್ತದಂತೆ. ಆ ದಿನಗಳಲ್ಲಿ ಅವರು ಹಾಡು ಗುನುಗುತ್ತಿದ್ದರು. ಅವರು ಹಾಡುವುದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಮಣ್ಣಿನ ಮುಖ ಮುಗಿದ ದಿನ ಹೋಗಿ ನೋಡಿದೆ. ಒದ್ದೆ ಮಣ್ಣು, ಕಂದು ಬಣ್ಣ, ಬೆರಳಿನ ಗುರುತುಗಳು ಮೈತುಂಬ. ಕೆನ್ನೆ ಒಂದು ಕಡೆ ಇಳಿದಿತ್ತು. ಯಾರೋ ಈಗಷ್ಟೇ ನಿದ್ದೆಯಿಂದ ಎದ್ದು ಕೂತ ಹಾಗಿತ್ತು. "ಬಂದಳು" ಅಂದರು ಮೇಷ್ಟ್ರು. ಬಟ್ಟೆ ಬಿಚ್ಚಿ ನೋಡಿದ ಅವರಿಗೂ, ನೋಡುತ್ತ ನಿಂತ ನನಗೂ ಅನುಮಾನವೇ ಬರಲಿಲ್ಲ.

ಮಣ್ಣಿನಿಂದ ಪ್ಲಾಸ್ಟರಿಗೆ ಇಳಿಸುವ ಕೆಲಸ ನನ್ನ ಕೈಯಿಂದಲೇ ಆಯಿತು, ಅವರು ಪಕ್ಕದಲ್ಲಿ ಕೂತು ಹೇಳಿದರು. ಮುಖದ ಮೇಲೆ ಮೊದಲು ನೀಲಿಪುಡಿ ಬೆರೆಸಿದ ತೆಳುವಾದ ಪ್ಲಾಸ್ಟರು. ಅದರ ಮೇಲೆ ದಪ್ಪಗೆ ಬಿಳಿಯದು. ಒಳಗಿನ ಮಣ್ಣನ್ನೆಲ್ಲ ಕಿತ್ತು ತೆಗೆದು, ಸಾಬೂನು ಸವರಿ, ಆ ಟೊಳ್ಳಿಗೆ ಹೊಸ ಪ್ಲಾಸ್ಟರು ಸುರಿಯಬೇಕು. ಗಟ್ಟಿಯಾದ ಮೇಲೆ ಹೊರಗಿನ ಚಿಪ್ಪನ್ನು ಉಳಿಯಿಂದ ಒಡೆಯುತ್ತ ಬರಬೇಕು. ನೀಲಿ ಕಂಡಿತೋ, ಮುಖ ಹತ್ತಿರದಲ್ಲಿದೆ ಅಂತ ಎಚ್ಚರ. "ನೀಲಿ ಬಂದ ಮೇಲೆ ಉಸಿರು ಬಿಗಿಹಿಡೀರಿ" ಅಂದಿದ್ದರು. ಹಿಡಿದೆ. ಹಣೆ ಬಂತು, ಹುಬ್ಬು ಬಂತು. ಆಮೇಲೆ ನೀಲಿ ಚಕ್ಕೆ ಒಂದು ಉದುರಿ ಬಿಳಿಯ ಮೂಗು ಬೆಳಕಿಗೆ ಬಂತು.

ಒದ್ದೆ ಮಣ್ಣಿನ ಬಣ್ಣ, ಹೊಳಪು ಎಲ್ಲ ಹೋಗಿ, ಬಿಳಿಯದರ ಪಕ್ಕ ಬಿಳಿಯದು ನಿಂತಾಗ ಮುಚ್ಚಿಡುವುದಕ್ಕೆ ಏನೂ ಉಳಿಯಲಿಲ್ಲ. ಅದೇ ಮೂಗು. ಗೋಡೆಯ ಮೇಲಿನದು. ಕಣ್ಣು ಕಟ್ಟಿದ್ದರಿಂದ ಕೈ ತಾನು ಎಲ್ಲಕ್ಕಿಂತ ಮೊದಲು ಕಲಿತಿದ್ದ ಕಡೆಗೇ ಹೋಗಿತ್ತು. ಮೇಷ್ಟ್ರು ಎದ್ದು ಬಂದು ಎರಡನ್ನೂ ನೋಡಿದರು. ಮೋಟುಕಾಲಿನ ಕುರ್ಚಿಯಲ್ಲಿ ಕೂತು ಕೈಗಳನ್ನು ತೊಡೆಯ ನಡುವೆ ಇಟ್ಟುಕೊಂಡರು.

ಮಾರನೆಯ ದಿನವೇ ಸಮಿತಿಯವರು ಬಂದರು, ಒಬ್ಬ ಮುದುಕಿ, ಒಬ್ಬ ತರುಣ. ಮುದುಕಿ ಹುಟ್ಟುವ ಮುಂಚೆಯೇ ಆ ತಾಯಿಯ ಪ್ರತಿಮೆ ಒಡೆದುಹೋಗಿತ್ತು. ಫೋಟೋದಲ್ಲಿ ಮಾತ್ರ ನೋಡಿದವರು. ತಲೆಯ ಮುಂದೆ ನಿಂತವರೇ ಬಾಯಿಗೆ ಕೈ ಮುಚ್ಚಿಕೊಂಡರು. ಆ ಮೂಗನ್ನು ಬೆರಳ ತುದಿಯಿಂದ ಸವರುತ್ತ ಬಿಕ್ಕಿ ಬಿಕ್ಕಿ ಅತ್ತರು. ಚೆಕ್‌ನಲ್ಲಿ ಅಂದದ್ದನ್ನು ತರುಣ ಜರ್ಮನ್‌ನಲ್ಲಿ ನನಗೆ ಹೇಳಿದ: "ಅವಳೇ, ಅವಳೇ ಮನೆಗೆ ಬಂದಳು ಅಂತಿದ್ದಾರೆ." ಇಬ್ಬರೂ ಮೇಷ್ಟ್ರ ಕೈ ಹಿಡಿದು ಕುಲುಕಿದರು. ಆಮೇಲೆ ಪೆಟ್ಟಿಗೆ ತರಲು ವ್ಯಾನಿನ ಹತ್ತಿರ ಹೋದರು.

ಕೆಲ್ಲರಿನಲ್ಲಿ ನಾವಿಬ್ಬರೇ. ಮೇಷ್ಟ್ರು ಸುತ್ತಿಗೆ ಎತ್ತಿಕೊಂಡರು. ಅದು ಅವರ ಕೈಯಿಂದ ಜಾರಿ ಬಿತ್ತು. ಮತ್ತೆ ಎತ್ತಿದರು, ಮತ್ತೆ ಬಿತ್ತು. ಅದನ್ನು ನನ್ನ ಕಡೆಗೆ ತಳ್ಳಿದರು.

"ಒಡೀರಿ. ನಿಮ್ಮ ಕೈ ಗಟ್ಟಿ ಇದೆ. ಬೇಗ, ಅವರು ಬರೋದರೊಳಗೆ."

"ಇಲ್ಲ, ಮೇಷ್ಟ್ರೇ."

"ನಿಮ್ಮ ಕಾಲಿಗೆ ಬೀಳ್ತೀನಿ."

ನನಗೆ ಸಿಟ್ಟು ಬಂತು. ಅಳುವೂ ಬಂತು. "ಆ ಹೆಂಗಸು ಅತ್ತಿದ್ದು ನೋಡ್ಲಿಲ್ವಾ ನೀವು? ಎಲ್ಲಿಂದ ಬಂದಿದ್ರೇನು, ಇಷ್ಟು ವರ್ಷ ಅವರು ಪ್ರೀತಿಸಿದ ಮೇಲೆ ಅದು ಅವರದ್ದೇ. ನನ್ನ ಮಗಳು 'ಅಮ್ಮ' ಅನ್ನೋದನ್ನೂ ಜರ್ಮನ್ ನಾಲಿಗೇಲಿ ಅಂತಾಳೆ. ಅವಳನ್ನೂ ಒಡೆದುಹಾಕ್ಲಾ?"

ಅವರು ನನ್ನನ್ನು ನೋಡಿದರು. ಅಷ್ಟು ದಯೆಯಿಂದ ಅವರು ಯಾರನ್ನೂ ನೋಡಿದ್ದು ನನಗೆ ಗೊತ್ತಿಲ್ಲ. "ಅವಳು ಇನ್ನೂ ಬೆಳೀತಾಳೆ, ಫ್ರಾವ್ ಸುಮಾ" ಅಂದರು. "ಪ್ಲಾಸ್ಟರ್ ಬೆಳೆಯಲ್ಲ."

ಅಷ್ಟರಲ್ಲಿ ಪೆಟ್ಟಿಗೆ ಬಂತು. ತಲೆಯನ್ನು ಹತ್ತಿಯಲ್ಲಿ ಸುತ್ತಿ ಒಳಗಿಟ್ಟರು. ಮೇಷ್ಟ್ರು ಅಡ್ಡಿ ಮಾಡಲಿಲ್ಲ. ವ್ಯಾನು ಹೋದ ಮೇಲೆ ಅವರು ಕೆಲ್ಲರಿಗೆ ಬೀಗ ಹಾಕಿದರು. ಸಂಜೆಯ ಕ್ಲಾಸನ್ನೂ ಬಿಟ್ಟರು. ಮೆಟ್ಟಿಲು ಸ್ವಚ್ಛವಾಯಿತು, ಕೆಳಮನೆಯವರಿಗೆ ಸಂತೋಷವಾಯಿತು. ನಾನು ಸಾರು, ಅನ್ನ ತೆಗೆದುಕೊಂಡು ಹೋದರೆ ಬಾಗಿಲು ತೆರೆದು, ಪಾತ್ರೆ ಇಸಿದುಕೊಂಡು, ಥ್ಯಾಂಕ್ಸ್ ಹೇಳಿ ಮುಚ್ಚುತ್ತಿದ್ದರು. ನನ್ನ ಮೂಗಿನ ಕಡೆಗೆ ನೋಡುತ್ತಿರಲಿಲ್ಲ. ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ಊಟದ ಪಾತ್ರೆ ಬಾಗಿಲಲ್ಲೇ ಉಳಿಯಿತು. ಬಾಗಿಲು ತೆರೆಸಿ ಒಳಗೆ ಹೋಗಿ ನೋಡಿದವನು ಗಿರೀಶ. ಕುರ್ಚಿಯಲ್ಲಿ ಕೂತಂತೆಯೇ ಹೋಗಿದ್ದರು.

ಈ ವಸಂತದಲ್ಲಿ ಪ್ರತಿಮೆಯ ಅನಾವರಣಕ್ಕೆ ನಮ್ಮನ್ನು ಕರೆದರು. ಮೂವರೂ ಕಾರಿನಲ್ಲಿ ಹೋದೆವು. ಚೌಕದ ತುಂಬ ಜನ, ಮಕ್ಕಳ ಕೈಯಲ್ಲಿ ಹೂವು. ಬಟ್ಟೆ ಸರಿದಾಗ ಊರು ಉಸಿರು ಬಿಟ್ಟದ್ದು ಕೇಳಿಸಿತು. ಮುದುಕಿ ಓಡಿ ಬಂದು ನನ್ನನ್ನು ತಬ್ಬಿಕೊಂಡರು. ನಿಜ ಹೇಳುತ್ತೇನೆ, ಚೆನ್ನಾಗಿತ್ತು. ಮೇಷ್ಟ್ರು ಕೇಳಿದಾಗ ಒಡೆಯದೇ ಇದ್ದದ್ದು ಸರಿ ಅಂತ ಆ ಗಳಿಗೆಯಲ್ಲಿ ನನಗೆ ಅನ್ನಿಸಿತು, ಇವತ್ತಿಗೂ ಅನ್ನಿಸುತ್ತದೆ.

ಆಮೇಲೆ ಊರಿನ ಮುಖ್ಯಸ್ಥರು ಮಾತಾಡಿದರು. ಮೇಷ್ಟ್ರ ಹೆಸರು ಕೇಳಿಸಿತು. ಪಕ್ಕದಲ್ಲಿದ್ದ ಸಮಿತಿಯ ತರುಣ ನನ್ನ ಕಿವಿಯ ಹತ್ತಿರ ಬಗ್ಗಿ, ಹೆಮ್ಮೆಯಿಂದ, ಒಂದೊಂದೇ ಮಾತನ್ನು ಜರ್ಮನ್‌ಗೆ ತಿರುಗಿಸಿ ಹೇಳಿದ: "ಇಂಥ ಕಲಾವಿದರು ಈಗ ಎಲ್ಲಿದ್ದಾರೆ? ತಾತ ಮಾಡಿದ್ದನ್ನ ಹಾಗ್ಹಾಗೇ ಮಾಡಿಕೊಟ್ಟರು. ತನ್ನದು ಅಂತ ಒಂದೇ ಒಂದು ಗೆರೆಯನ್ನೂ ಸೇರಿಸಲಿಲ್ಲ. ಅದೇ ಅವರ ದೊಡ್ಡತನ."

ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಗಿರೀಶನೂ ತಟ್ಟಿದ. ನಾನು ಕೈ ಎತ್ತಲಿಲ್ಲ.